ಕ್ಲೋ ದ ತಾರ್: ಒಂಬತ್ತು ಶತಮಾನ, ನಾಲ್ಕು ಒಡೆತನ, ಪಾಲಾಗದ ಒಂದು ತೋಟ

ವೈನ್ ಪರೀಕ್ಷೆಗಾಗಿ ಫ್ರಾನ್ಸಿನ ಬರ್ಗಂಡಿ ಅಧ್ಯಾಯ ಓದುತ್ತಿರುವವರಿಗೆ ಈ ಟಿಪ್ಪಣಿ. ಆ ಪ್ರದೇಶವನ್ನೆಲ್ಲ ಒಟ್ಟಿಗೆ ತಲೆಗೆ ತುಂಬಿಕೊಳ್ಳಲು ಹೊರಟರೆ ಹೆಸರುಗಳಲ್ಲೇ ದಾರಿ ತಪ್ಪುತ್ತದೆ. ಒಂದೇ ತೋಟ ಹಿಡಿದು ಅದರ ಕಥೆಯನ್ನು ಬುಡದಿಂದ ಓದಿದರೆ ಅಕ್ಕಪಕ್ಕದವು ತಾವಾಗಿ ನೆನಪಿಗೆ ಅಂಟಿಕೊಳ್ಳುತ್ತವೆ. ನಾನು ಹಿಡಿದದ್ದು ಕ್ಲೋ ದ ತಾರ್ ಎಂಬ ದ್ರಾಕ್ಷಿ ತೋಟ. ರುಚಿ, ಪರಿಮಳ, ಹುದುಗಿಸುವ ಹಂತಗಳನ್ನು ಇಲ್ಲಿ ಬರೆದಿಲ್ಲ, ಅವು ಎಲ್ಲ ಪಠ್ಯಗಳಲ್ಲೂ ಇವೆ. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಸುತ್ತಲಿನ ತೋಟಗಳು ಚೂರುಚೂರಾದಾಗ ಇದೊಂದು ಇಡಿಯಾಗಿ ಉಳಿದದ್ದು ಹೇಗೆ? ಹಾಗಾಗಿ ಟಿಪ್ಪಣಿಯ ಬಹುಪಾಲು ಜಾಗ ಅದಕ್ಕೇ ಹೋಗಿದೆ.

ಎಲ್ಲಿದೆ, ಎಷ್ಟಿದೆ

ದಿಜೋಂ ಊರಿನಿಂದ ದಕ್ಷಿಣಕ್ಕೆ ಬೋನ್ ಕಡೆಗೆ ಹೋಗುವಾಗ ಬಲಗಡೆ ಉದ್ದಕ್ಕೂ ಒಂದು ಇಳಿಜಾರು ಸಿಗುತ್ತದೆ. ಅದರ ಉತ್ತರಾರ್ಧದ ಹೆಸರು ಕೋತ್ ದ ನ್ವೀ. ಅಲ್ಲಿ ಮೊರೆ-ಸೇನ್-ದೆನಿ ಎಂಬ ಹಳ್ಳಿ, ಆ ಹಳ್ಳಿಯ ಮಗ್ಗುಲಲ್ಲೇ ಈ ತೋಟ. ವಿಸ್ತೀರ್ಣ 7.53 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹದಿನೆಂಟೂವರೆ ಎಕರೆ ಚಿಲ್ಲರೆ. ಸುತ್ತ ಗೋಡೆಯಿದೆ, ಮುಖ ಪೂರ್ವಕ್ಕೆ, ಬೆಳೆ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ ಮಾತ್ರ.

ನೆಲದ ಬಗ್ಗೆ ಒಂದೇ ಮಾತು. ಆ ಇಳಿಜಾರಿನ ತೋಟಗಳಲ್ಲಿ ಸಾಮಾನ್ಯವಾಗಿ ಬಳ್ಳಿಯ ಸಾಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಇಲ್ಲಿ ಸಾಲುಗಳು ಇಳಿಜಾರಿಗೆ ಅಡ್ಡಲಾಗಿ, ಉತ್ತರ-ದಕ್ಷಿಣವಾಗಿ ಓಡುತ್ತವೆ. ಮಳೆ ಬಂದಾಗ ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗಲಿ ಎಂದು ಹೀಗೆ. ಒಂದು ಇಡೀ ಗುಡ್ಡದ ಪಕ್ಕೆ ಒಬ್ಬರದೇ ಆಗಿದ್ದರೆ ಮಾತ್ರ ಇಂಥ ತೀರ್ಮಾನ ಸಲೀಸು. ಮೇಲಿನಿಂದ ಕೆಳಕ್ಕೆ ಸೀಳಿದ ಹತ್ತಡಿ ಪಟ್ಟಿಯಲ್ಲಿ ಅಡ್ಡ ಸಾಲು ಹಾಕಿ ಮಾಡುವುದೇನು?

ನಾಲ್ಕು ಒಡೆತನ, ನನ್ನ ನೆನಪಿನ ಸೂತ್ರ

1141ರಿಂದ ತಾರ್ ಮಠದ ಸನ್ಯಾಸಿನಿಯರು. 1791ರಿಂದ ಮಾರೆ ಕುಟುಂಬ, ಮುಂದೆ ಮಾರೆ-ಮೊಂಜ್ ಎಂದು ಹೆಸರಾದವರು. 1932ರಿಂದ ಮೊಮೆಸ್ಯಾಂ ಕುಟುಂಬ. 2017ರಲ್ಲಿ ಫ್ರಾನ್ಸ್ವಾ ಪಿನೊ ಕುಟುಂಬದ ಆರ್ತೆಮಿಸ್ ಸಂಸ್ಥೆ ಕೊಂಡುಕೊಂಡಿತು (ದ್ರಾಕ್ಷಿಯ ಹೆಸರಿಗೂ ಇವರಿಗೂ ಸಂಬಂಧವಿಲ್ಲ).

ನಾಲ್ಕು ಇಸವಿಗಳನ್ನು ಉರುಹೊಡೆಯಬೇಡಿ. ಮೊದಲ ಇಸವಿ 1141 ಒಂದನ್ನು ಹಿಡಿಯಿರಿ. ಮಠದ ಕಾಲ ಸರಿಯಾಗಿ 650 ವರ್ಷ, ಕೂಡಿದರೆ 1791. ಎರಡನೆಯವರ ಕಾಲ 141 ವರ್ಷ. ಈ 141 ಮೊದಲ ಇಸವಿಯ ಬಾಲದಲ್ಲೇ ಕೂತಿದೆ ನೋಡಿ! ಕೂಡಿದರೆ 1932. ಮೂರನೆಯವರದು 85, ಕೂಡಿದರೆ 2017. 650, 141, 85 ಎಂದು ಸಂಖ್ಯೆಗಳು ಇಳಿಯುತ್ತಲೇ ಹೋಗುತ್ತವೆ, ಹಾಗಾಗಿ ಕ್ರಮವೂ ತಪ್ಪುವುದಿಲ್ಲ. ಪರೀಕ್ಷೆಗೆ ಇಷ್ಟು ಸುಲಭದ ಇಸವಿಗಳು ಬರ್ಗಂಡಿಯಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಸನ್ಯಾಸಿನಿಯರ ಕಾಲ

ತಾರ್ ಮಠ ಇದ್ದದ್ದು ಇಳಿಜಾರಿನ ಮೇಲಲ್ಲ, ದಿಜೋಂನ ಆಗ್ನೇಯಕ್ಕೆ ಬಯಲು ಸೀಮೆಯಲ್ಲಿ. ಸಿತೊ ಮಠದ ಪಂಥಕ್ಕೆ ಸೇರಿದ ಮೊದಲ ಮಹಿಳಾ ಮಠ ಎಂದು ಅದನ್ನು ಗುರುತಿಸುತ್ತಾರೆ. 1141ರಲ್ಲಿ ಅವರು ಬ್ರೊಶೊಂ ಊರಿನ ಧರ್ಮಾಸ್ಪತ್ರೆಯವರಿಂದ ಮೊರೆಯ ಈ ಜಮೀನನ್ನು ಕೊಂಡರು. ಆಗ ಆ ಜಾಗವನ್ನು ಲಾ ಫೋರ್ಜ್ ಎನ್ನುತ್ತಿದ್ದರು. ಈ ಹಳೆಯ ಹೆಸರನ್ನು ಎತ್ತಿಡಿ, ಕೊನೆಯಲ್ಲಿ ಬೇಕಾಗುತ್ತದೆ. 1184ರಲ್ಲಿ ಮೂರನೇ ಲೂಸಿಯಸ್ ಪೋಪ್ ಹೊರಡಿಸಿದ ಆಜ್ಞೆ ಮಠದ ಒಡೆತನವನ್ನು ಖಚಿತಪಡಿಸಿತು.

1570ರಲ್ಲಿ ದ್ರಾಕ್ಷಿ ಹಿಂಡಲು ದೊಡ್ಡದೊಂದು ಮರದ ಗಾಣ ಕಟ್ಟಿದರು. ಅದು ಕೆಲಸ ಮಾಡಿದ್ದು 1924ರವರೆಗೆ, ಅಂದರೆ ಮಠವೇ ಹೋಗಿ ನೂರಾಮೂವತ್ತು ವರ್ಷ ಕಳೆದ ಮೇಲೂ. 1623ರಲ್ಲಿ ಸನ್ಯಾಸಿನಿಯರು ಬಯಲಿನ ಮಠ ಬಿಟ್ಟು ದಿಜೋಂ ನಗರಕ್ಕೆ ಬಂದರು, ತೋಟ ಮಾತ್ರ ಅವರ ಕೈಯಲ್ಲೇ ಉಳಿಯಿತು.

650 ವರ್ಷ ಒಡೆಯದಿರಲು ಕಾರಣ ಸರಳ. ಮಠಕ್ಕೆ ಸಾವಿಲ್ಲ, ಮಕ್ಕಳಿಲ್ಲ, ಹಾಗಾಗಿ ಪಾಲಿಲ್ಲ. ಇದು ಎಲ್ಲರಿಗೂ ಹೊಳೆಯುತ್ತದೆ. ಕಷ್ಟ ಶುರುವಾಗುವುದು ಮುಂದೆ.

ತೊಡಕಿನ ಜಾಗ: ಕ್ರಾಂತಿ ಒಡೆಯಿತೇ, ಕಾನೂನು ಒಡೆಯಿತೇ?

ಪಠ್ಯಗಳಲ್ಲಿ ಒಂದು ಸಾಲು ಬರುತ್ತದೆ: ಫ್ರೆಂಚ್ ಕ್ರಾಂತಿಯಿಂದಾಗಿ ಬರ್ಗಂಡಿಯ ತೋಟಗಳು ಚೂರಾದವು. ಈ ಸಾಲನ್ನು ಹಾಗೇ ನಂಬಿದರೆ ಕ್ಲೋ ದ ತಾರ್ ಅರ್ಥವಾಗುವುದೇ ಇಲ್ಲ. ಕ್ರಾಂತಿಯ ಏಟು ತಿಂದ ತೋಟವೇ ಅದು, ಆದರೂ ಚೂರಾಗಲಿಲ್ಲ. ಅದಕ್ಕೇ ಆ ಸಾಲನ್ನು ಎರಡಾಗಿ ಬಿಡಿಸಬೇಕು.

ಮೊದಲನೆಯದು ಮುಟ್ಟುಗೋಲು. 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ವಶಕ್ಕೆ ಎಂದು ಸಂವಿಧಾನ ಸಭೆ ನಿರ್ಧರಿಸಿತು. ಖಜಾನೆ ಖಾಲಿಯಿತ್ತು, ಮಾರಿ ದುಡ್ಡು ಮಾಡುವುದೇ ಉದ್ದೇಶ. ಅಲ್ಲಿಂದ ಹರಾಜು ಶುರು. ಹರಾಜು ಒಡೆಯನನ್ನು ಬದಲಿಸುತ್ತದೆ, ಗೋಡೆಯನ್ನೇ ಒಡೆಯಬೇಕೆಂದೇನಿಲ್ಲ. ಕ್ಲೋ ದ ತಾರ್ 1791ರಲ್ಲಿ ಒಂದೇ ಗಂಟಿನಲ್ಲಿ 68,200 ಲೀವ್ರ್ ಬೆಲೆಗೆ ನ್ವೀ ಊರಿನ ನಿಕೊಲಾ-ಜೋಸೆಫ್ ಮಾರೆಯವರ ಪಾಲಾಯಿತು. ಹತ್ತಿರದ ಕ್ಲೋ ದ ವೂಜೊ, ಸಿತೊ ಮಠದ 50 ಹೆಕ್ಟೇರಿನ ದೊಡ್ಡ ತೋಟ, ಅದೂ ಕ್ರಾಂತಿಯಲ್ಲಿ ಇಡಿಯಾಗಿಯೇ ಮಾರಾಟವಾಗಿ ಸುಮಾರು ನೂರು ವರ್ಷ ಇಡಿಯಾಗಿಯೇ ಇತ್ತು. ಅದು ಒಡೆದದ್ದು 1889ರಲ್ಲಿ, ಊವ್ರಾರ್ ಕುಟುಂಬದ ವಾರಸುದಾರರ ಕೈಯಿಂದ ಆರು ಜನ ವ್ಯಾಪಾರಿಗಳಿಗೆ ಹೋದಾಗ. ಈಗ ಅಲ್ಲಿ ಸುಮಾರು 80 ಮಾಲೀಕರು. 1889ರ ಹೊತ್ತಿಗೆ ಕ್ರಾಂತಿ ಎಲ್ಲಿತ್ತು?

ಎರಡನೆಯದು ವಾರಸು ಕಾನೂನು. ಹಿರಿಮಗನಿಗೇ ಎಲ್ಲ ಎಂಬ ಪದ್ಧತಿಯನ್ನು ಕ್ರಾಂತಿಯ ಕಾಲದ ಶಾಸನಗಳು ತೆಗೆದವು, 1804ರ ನಾಗರಿಕ ಸಂಹಿತೆ ಸಮಪಾಲನ್ನು ಗಟ್ಟಿ ಮಾಡಿತು. ಗಂಡಾಗಲಿ ಹೆಣ್ಣಾಗಲಿ ಎಲ್ಲ ಮಕ್ಕಳಿಗೂ ಹಕ್ಕು. ತಂದೆ ತಾಯಿ ಉಯಿಲು ಬರೆದು ತಮಗಿಷ್ಟ ಬಂದವರಿಗೆ ಕೊಡಬಹುದಾದ ಭಾಗಕ್ಕೂ ಮಿತಿ: ಒಂದೇ ಮಗುವಿದ್ದರೆ ಅರ್ಧ, ಇಬ್ಬರಿದ್ದರೆ ಮೂರನೇ ಒಂದು, ಮೂವರು ಅಥವಾ ಹೆಚ್ಚಿದ್ದರೆ ಕಾಲು. ಉಳಿದದ್ದು ಮಕ್ಕಳಿಗೆ ಸಮನಾಗಿ ಮೀಸಲು.

ಈಗ ನಿಧಾನವಾಗಿ ಲೆಕ್ಕ ಮಾಡೋಣ, ಏಕೆಂದರೆ ಗುಟ್ಟು ಇಲ್ಲೇ ಇದೆ. ಒಬ್ಬ ತಾಯಿಗೆ ಮೂರು ತೋಟ, ಮೂರು ಮಕ್ಕಳು, ಮೂರೂ ತೋಟಗಳ ಬೆಲೆ ಒಂದೇ ಎಂದುಕೊಳ್ಳಿ. ಸಮಪಾಲು ಮಾಡಲು ಎರಡು ದಾರಿ. ಒಂದು, ತಲಾ ಒಂದು ಇಡೀ ತೋಟ. ಎರಡು, ಪ್ರತಿ ತೋಟವನ್ನೂ ಮೂರು ಮಾಡಿ ತಲಾ ಮೂರು ಚೂರು. ಬೆಲೆಯ ಲೆಕ್ಕದಲ್ಲಿ ಎರಡೂ ಸಮ. ನೆಲದ ಮೇಲೆ? ಮೊದಲ ದಾರಿಯಲ್ಲಿ ಗೋಡೆಗಳು ಹಾಗೇ ಇರುತ್ತವೆ, ಎರಡನೆಯದರಲ್ಲಿ ಒಂಬತ್ತು ಚೂರು. ಮುಂದಿನ ತಲೆಮಾರಿನಲ್ಲೂ ಒಬ್ಬೊಬ್ಬರಿಗೆ ಮೂರು ಮಕ್ಕಳಾಗಿ ಅದೇ ರೀತಿ ಹಂಚಿದರೆ ಎರಡನೇ ದಾರಿಯಲ್ಲಿ 27 ಚೂರು. ಮೊದಲ ದಾರಿ ಹಿಡಿದವರೂ ಈಗ ಸಿಕ್ಕಿಬೀಳುತ್ತಾರೆ: ಕೈಯಲ್ಲಿರುವುದು ಒಂದೇ ತೋಟ, ಮಕ್ಕಳು ಮೂವರು.

ಜನ ಎರಡನೇ ದಾರಿಯನ್ನೇ ಹಿಡಿಯುವುದು ಮೂರ್ಖತನದಿಂದಲ್ಲ. ಒಂದು ಕಡೆ ಆಲಿಕಲ್ಲು ಬಿದ್ದರೆ ಇನ್ನೊಂದು ಕಡೆ ಉಳಿಯುತ್ತದೆ. ಅಲ್ಲದೆ ಒಳ್ಳೆಯ ನೆಲದಲ್ಲಿ ತನಗೂ ಒಂದು ತುಂಡು ಬೇಕು ಎಂಬುದು ಅಣ್ಣತಮ್ಮಂದಿರ ನಡುವೆ ಎಲ್ಲೆಲ್ಲೂ ಇರುವ ಮಾತು. ಸಂಹಿತೆಯೇ ಈ ವಿಷಯದಲ್ಲಿ ಎರಡು ನಾಲಿಗೆಯಲ್ಲಿ ಮಾತಾಡುತ್ತಿತ್ತು. ಅದರ 832ನೇ ವಿಧಿ, ಜಮೀನನ್ನು ತುಂಡು ಮಾಡುವುದನ್ನು ಸಾಧ್ಯವಾದಷ್ಟು ತಪ್ಪಿಸಿ ಎನ್ನುತ್ತಲೇ, ಸಾಧ್ಯವಾದರೆ ಪ್ರತಿ ಪಾಲಿನಲ್ಲೂ ಒಂದೇ ಬಗೆಯ ಆಸ್ತಿ ಸಮನಾಗಿ ಇರಲಿ ಎಂದೂ ಹೇಳುತ್ತಿತ್ತು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ?

ಹಾಗಾದರೆ ಒಂದು ತೋಟ ಇಡಿಯಾಗಿ ಒಬ್ಬರ ಕೈಗೆ ದಾಟಬೇಕಾದರೆ ಏನಿರಬೇಕು? ಮೂವರು ಮಕ್ಕಳಲ್ಲಿ ಒಬ್ಬರಿಗೆ ಗರಿಷ್ಠ ಸಿಗುವುದೆಷ್ಟು ನೋಡಿ. ಉಯಿಲಿನ ಕಾಲು ಭಾಗ ಅವರಿಗೇ ಬಂತು ಎನ್ನಿ. ಮೀಸಲಾದ ಮುಕ್ಕಾಲಿನಲ್ಲಿ ಮೂರನೇ ಒಂದು, ಅಂದರೆ ಇನ್ನೊಂದು ಕಾಲು. ಒಟ್ಟು ಅರ್ಧ. ಇಬ್ಬರೇ ಮಕ್ಕಳಾದರೆ ಇದೇ ಲೆಕ್ಕದಲ್ಲಿ ಮೂರನೇ ಎರಡು. ಅಂದರೆ ಮೂವರು ಮಕ್ಕಳಿದ್ದರೆ ತೋಟದ ಬೆಲೆ ಕುಟುಂಬದ ಒಟ್ಟು ಆಸ್ತಿಯ ಅರ್ಧ ಮೀರಬಾರದು. ಮೀರಿದರೆ ಉಳಿದವರಿಗೆ ದುಡ್ಡು ಕೊಟ್ಟು ಸರಿದೂಗಿಸಬೇಕು, ಇಲ್ಲವೇ ಮಾರಿ ಹಂಚಿಕೊಳ್ಳಬೇಕು. ಒಂದು ತೋಟವನ್ನೇ ನಂಬಿದವರ ತೋಟ ಒಡೆಯುತ್ತದೆ, ನಾಲ್ಕಾರು ಇದ್ದವರು ಒಂದನ್ನು ಉಳಿಸಿಕೊಳ್ಳಬಹುದು.

ಮಾರೆ ಕುಟುಂಬ ಎರಡನೇ ಗುಂಪಿನದು. ನಿಕೊಲಾ-ಜೋಸೆಫ್ ಮಾರೆ, ವಿವರಣಾತ್ಮಕ ಜ್ಯಾಮಿತಿಯನ್ನು ಕಟ್ಟಿದ ಬೋನ್ ಊರಿನ ಗಣಿತಜ್ಞ ಗಾಸ್ಪಾರ್ ಮೊಂಜ್‌ರ ಅಳಿಯ. ಕುಟುಂಬದ ಹೆಸರಿನಲ್ಲಿ ಮೊಂಜ್ ಸೇರಿದ್ದು ಆ ಸಂಬಂಧದಿಂದ. ಕ್ರಾಂತಿಯ ಹರಾಜಿನಲ್ಲೇ ರೊಮಾನೆ-ಸೇನ್-ವಿವಾಂ ತೋಟವೂ ಅವರಿಗೆ ಬಂದಿತ್ತು. ಪರೀಕ್ಷೆಗೆ ಉದಾಹರಣೆ ಬೇಕಾದರೆ ಇದನ್ನೇ ಬರೆಯಿರಿ: ಅದೇ ಕುಟುಂಬ, ಅದೇ ಕಾನೂನು. ರೊಮಾನೆ-ಸೇನ್-ವಿವಾಂನ ಒಂದು ಭಾಗ 1898ರಲ್ಲಿ ಲತೂರ್ ಮನೆತನಕ್ಕೆ ಹೋಯಿತು, ಇಂದು ಅದಕ್ಕೆ ಹಲವು ಮಾಲೀಕರು. ಕ್ಲೋ ದ ತಾರ್ ಮಾತ್ರ ಇಡಿಯಾಗಿ 1932 ತಲುಪಿತು.

ಪಕ್ಕದ ಮನೆಯ ನಾಲ್ಕು ಗುಂಟೆ

ಗೋಡೆಯಾಚೆಯ ಕ್ಲೋ ದೆ ಲಾಂಬ್ರೆ ಉಲ್ಟಾ ದಾರಿಯಲ್ಲಿ ಬಂದದ್ದು. ಕ್ರಾಂತಿಯ ನಂತರ ಅದು 70ಕ್ಕೂ ಹೆಚ್ಚು ಜನರ ಕೈಗೆ ಚದುರಿ, 19ನೇ ಶತಮಾನದಲ್ಲಿ ಚೂರು ಚೂರಾಗಿ ಕೊಂಡು ಮತ್ತೆ ಜೋಡಿಸಿದ ತೋಟ. ಒಡೆದದ್ದನ್ನು ಕೂಡಿಸಬಹುದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಒಂದು ಚೂರು ಸಿಕ್ಕಲಿಲ್ಲ. ಎಂಟೂವರೆ ಹೆಕ್ಟೇರಿಗೂ ಮಿಕ್ಕಿದ ಆ ತೋಟದಲ್ಲಿ ಸುಮಾರು ನಾಲ್ಕು ಗುಂಟೆಯಷ್ಟು ನೆಲ ಇನ್ನೊಂದು ಕುಟುಂಬದ್ದಾಗಿ ಉಳಿದಿದೆ. ಆ ನಾಲ್ಕು ಗುಂಟೆಯಿಂದಾಗಿ ಲಾಂಬ್ರೆ ಮೊನೊಪೋಲ್ (ಪೂರ್ತಿ ಒಬ್ಬರದೇ ಒಡೆತನದ ತೋಟ) ಅಲ್ಲ, ಕ್ಲೋ ದ ತಾರ್ ಮೊನೊಪೋಲ್. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ವೂಜೊ ಒಂದು ಸರ್ವೆ ನಂಬರು, ಎಂಬತ್ತು ಹಿಸ್ಸೆ. ತಾರ್ ಒಂದು ಸರ್ವೆ ನಂಬರು, ಒಂದೇ ಪಹಣಿ. ಮೊನೊಪೋಲ್ ಹೇಳುವುದು ಪಹಣಿಯಲ್ಲಿ ಎಷ್ಟು ಹೆಸರಿದೆ ಎಂಬುದನ್ನು ಮಾತ್ರ, ವೈನ್ ಚೆನ್ನಾಗಿದೆಯೇ ಎಂಬುದನ್ನಲ್ಲ. ಸಾಧಾರಣ ಹಳ್ಳಿ ಮಟ್ಟದ ತೋಟಗಳಲ್ಲೂ ಮೊನೊಪೋಲ್ ಇವೆ.

1932 ಮತ್ತು 2017

ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ ಬರ್ಗಂಡಿ ವೈನಿಗೆ ಗಿರಾಕಿಯೇ ಇರಲಿಲ್ಲ, ಮಾರಾಟ ಹೆಚ್ಚಿಸಲೆಂದೇ ಅಲ್ಲಿನವರು 1934ರಲ್ಲಿ ತಾಸ್ತವ್ಯಾಂ ಬಳಗ ಕಟ್ಟಿದರು. ಆ ಮಂದಗತಿಯಲ್ಲೇ ಮಾಕೊಂ ಕಡೆಯ ವೈನ್ ವ್ಯಾಪಾರಿಗಳಾದ ಮೊಮೆಸ್ಯಾಂ ಕುಟುಂಬ ಕ್ಲೋ ದ ತಾರ್ ಕೊಂಡಿತು. 1939ರಲ್ಲಿ ತೋಟಕ್ಕೆ ಗ್ರಾಂ ಕ್ರೂ, ಅಂದರೆ ಬರ್ಗಂಡಿಯ ಅತಿ ಮೇಲಿನ ದರ್ಜೆಯ ಸ್ಥಾನ ಸಿಕ್ಕಿತು.

20ನೇ ಶತಮಾನದಲ್ಲಿ ಬರ್ಗಂಡಿಯ ಕುಟುಂಬಗಳು ಪಾಲಿನ ಸಮಸ್ಯೆಗೆ ಇನ್ನೊಂದು ದಾರಿ ಕಂಡುಕೊಂಡವು: ಜಮೀನನ್ನು ಕಂಪನಿಯ ಹೆಸರಿಗೆ ಮಾಡಿ ಮಕ್ಕಳಿಗೆ ಷೇರು ಹಂಚುವುದು. ಪಾಲಾಗುವುದು ಷೇರು, ನೆಲ ಹಾಗೇ. 1942ರಲ್ಲಿ ರೊಮಾನೆ-ಕೊಂಟಿ ಎಂಬ ಹೆಸರಾಂತ ತೋಟದವರು ಮಾಡಿದ್ದು ಇದನ್ನೇ. ಇದರ ಇನ್ನೊಂದು ಮುಖವೂ ಇದೆ: ನೆಲದ ಬೆಲೆ ಏರಿದಂತೆ ವಾರಸು ತೆರಿಗೆಯೂ ಏರಿ, ತೋಟಗಳು ಇಡಿಯಾಗಿಯೇ ಭಾರಿ ಶ್ರೀಮಂತರ ಕೈ ಸೇರುತ್ತಿವೆ. 2014ರಲ್ಲಿ ಲಾಂಬ್ರೆ ಆರ್ನೊ ಕುಟುಂಬದ ಎಲ್‌ವಿಎಂಎಚ್‌ಗೆ, 2017ರಲ್ಲಿ ತಾರ್ ಆರ್ತೆಮಿಸ್‌ಗೆ. ಅಕ್ಕಪಕ್ಕದ ಎರಡು ತೋಟ, ಫ್ರಾನ್ಸಿನ ಎರಡು ಅತಿ ಶ್ರೀಮಂತ ಕುಟುಂಬ. ಇದು ನನಗೇನೂ ಖುಷಿ ಕೊಡುವ ಸುದ್ದಿಯಲ್ಲ, ಆದರೆ ಗೋಡೆ ಉಳಿಯಿತು ಎಂಬುದಂತೂ ನಿಜ.

ಲೇಬಲ್ ಓದುವಾಗ

ಬೋರ್ದೊದ 1855ರ ಪಟ್ಟಿಯಲ್ಲಿ ದರ್ಜೆ ಸಿಕ್ಕಿದ್ದು ಶಾತೊಗೆ, ಅಂದರೆ ಮನೆತನದ ಹೆಸರಿಗೆ. ಬರ್ಗಂಡಿಯಲ್ಲಿ ದರ್ಜೆ ಮಣ್ಣಿಗೆ. ಹಾಗಾಗಿ ಕ್ಲೋ ದ ತಾರ್ ಎಂಬುದು ತೋಟದ ಹೆಸರು, ದರ್ಜೆಯ ಹೆಸರು, ಎಸ್ಟೇಟಿನ ಹೆಸರು ಮೂರೂ ಹೌದು. ಗ್ರಾಂ ಕ್ರೂ ಹೆಸರಿನ ಜೊತೆಗೆ ಹಳ್ಳಿಯ ಹೆಸರು ಸೇರುವುದಿಲ್ಲ.

ಮಣ್ಣು ಅದೇ ಎಂದಮಾತ್ರಕ್ಕೆ ಬಳ್ಳಿಗಳೂ ಅವೇ ಅಲ್ಲ. ಬೇರು ತಿನ್ನುವ ಫಿಲಾಕ್ಸೆರಾ ಕೀಟ 1878ರಲ್ಲಿ ಮರ್ಸೊ ಊರಿನಲ್ಲಿ ಕಾಣಿಸಿಕೊಂಡ ಮೇಲೆ ಬರ್ಗಂಡಿಯೇ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿಕೊಂಡಿತು. ಸನ್ಯಾಸಿನಿಯರ ಬಳ್ಳಿ ಇವತ್ತು ಇದೆ ಎಂದು ಯಾರಾದರೂ ಬರೆದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ.

ಇನ್ನು ಎತ್ತಿಟ್ಟ ಹೆಸರು. ಈ ತೋಟದ ಎಳೆಯ ಬಳ್ಳಿಗಳ ಹಣ್ಣನ್ನು ಎಸ್ಟೇಟಿನವರು ಗ್ರಾಂ ಕ್ರೂ ಶೀಶೆಗೆ ಹಾಕದೆ ಬೇರೆ ವೈನ್ ಮಾಡುತ್ತಾರೆ. ಅದರ ಹೆಸರು ಲಾ ಫೋರ್ಜ್ ದ ತಾರ್. ನೆಲ ಗ್ರಾಂ ಕ್ರೂ ಆದರೂ ವೈನನ್ನು ಒಂದು ಮೆಟ್ಟಿಲು ಇಳಿಸಿ ಮೊರೆ-ಸೇನ್-ದೆನಿ ಪ್ರೆಮ್ಯೆ ಕ್ರೂ ಎಂದು ಮಾರುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಒಂದೇ ಗೋಡೆಯೊಳಗಿಂದ ಎರಡು ದರ್ಜೆಯ ಶೀಶೆ ಬರುತ್ತದೆ, ಅದರಲ್ಲಿ ಒಂದಕ್ಕೆ ಮಾತ್ರ ಹಳ್ಳಿಯ ಹೆಸರಿರುತ್ತದೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಈ ಜೋಡಿ ಬಂದರೆ ಮೊದಲು ಹಳ್ಳಿಯ ಹೆಸರು ಇದೆಯೇ ಎಂದು ನೋಡಿ, ಆಮೇಲೆ ಉಳಿದದ್ದನ್ನು ಓದಿ.