ಲಿಂಕಿನೊಳಗಿನ ಬದು

ಮಂಡ್ಯದ ಒಂದು ಬೆಲ್ಲದ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಲಿಂಕಿನ ಬಾಲ ಹೀಗಿತ್ತು:

?ಮುಖಪುಟ=ಬೆಲ್ಲ&ಪುಟ=1#ಪಟ್ಟಿ

ಅಸಲಿಗೆ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿದ್ದವು. ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ‘=’ ಗುರುತಿನ ಎಡಕ್ಕೆ ಹೆಸರು, ಬಲಕ್ಕೆ ಮೌಲ್ಯ. ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ ‘&’. ‘#’ ಆದಮೇಲಿನದ್ದು ಸರ್ವರ್‌ಗೆ ಹೋಗುವುದೇ ಇಲ್ಲ, ಬ್ರೌಸರಿನಲ್ಲೇ ಉಳಿಯುತ್ತದೆ.

‘ಮುಂದಿನ ಪುಟ’ ಒತ್ತಿದರೆ 1 ಹೋಗಿ 2 ಬರಬೇಕು. ನಾನು ಜಾವಾಸ್ಕ್ರಿಪ್ಟ್‌ಗೆ ‘ಪುಟ=’ ಹುಡುಕಿ, ಅದರ ಮುಂದಿನದ್ದನ್ನು ಬದಲಾಯಿಸು ಅಂದಿದ್ದೆ. ಅಂಗಡಿಯವರ ಫೋನ್ ಬಂತು: “ಸಾರ್, ಮೇಲ್ಗಡೆ ಬೆಲ್ಲ ಹೋಗಿ ಬರೀ ಎರಡು ಅಂತ ಬತ್ತಾದೆ!” ‘ಮುಖಪುಟ=’ ಒಳಗೂ ‘ಪುಟ=’ ಇದೆ, ಅಲ್ವಾ? ಮೊದಲು ಸಿಕ್ಕಿದ್ದು ಅದೇ.

ನಮ್ಮ ಕಡೆ ನಾಲೆ ಬಯಲಿನಲ್ಲಿ ಗದ್ದೆಯನ್ನು ಗುರುತಿಸುವುದು ಬದುವಿನಿಂದ. ಒಳಗೆ ಕಬ್ಬಿರಲಿ, ಭತ್ತವಿರಲಿ, ಬದು ಅಲ್ಲೇ ಇರುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಹುಡುಕಲು ಕೊಡುವ ಮಾದರಿ) ಬರೆಯುವಾಗಲೂ ಹೀಗೇ ಯೋಚಿಸಬೇಕು. ಮೌಲ್ಯ ಏನು ಅಂತ ನಮಗೆ ಗೊತ್ತಿಲ್ಲ, ಅದರ ಬದು ಗೊತ್ತು:

/([?&]ಪುಟ=)[^&#]*/

‘ಪುಟ’ದ ಹಿಂದೆ ‘?’ ಅಥವಾ ‘&’ ಇರಲೇಬೇಕು. ಇಲ್ಲಿಗೆ ‘ಮುಖಪುಟ’ ತಪ್ಪಿಸಿಕೊಂಡಿತು. ಆಮೇಲಿನ ಭಾಗ ನನಗೆ ತುಂಬ ಇಷ್ಟ: ‘&’ ಅಲ್ಲದ, ‘#’ ಅಲ್ಲದ ಅಕ್ಷರ, ಎಷ್ಟಿದ್ದರೂ ಸರಿ. ಆ ‘ಎಷ್ಟಿದ್ದರೂ’ ಅನ್ನುವುದೇ ಕೊನೆಯ ನಕ್ಷತ್ರ. ಗಣಿತಜ್ಞ ಸ್ಟೀಫನ್ ಕ್ಲೇನಿ 1951ರಲ್ಲಿ ನರಕೋಶಗಳ ಜಾಲದ ಬಗ್ಗೆ ಬರೆಯುವಾಗ ಈ ವಿಚಾರ ಹುಟ್ಟಿತು. ಅದಕ್ಕೇ ಅದನ್ನು ಇವತ್ತಿಗೂ ಕ್ಲೇನಿ ನಕ್ಷತ್ರ ಅನ್ನುತ್ತಾರೆ. ನನಗೆ ಇಷ್ಟವಾದ ಆ ಭಾಗದ ಬದಲು ‘.*’ (ಯಾವ ಅಕ್ಷರವಾದರೂ, ಎಷ್ಟಿದ್ದರೂ) ಬರೆದರೆ ಬದು ದಾಟಿ ಸಾಲಿನ ಕೊನೆವರೆಗೂ ನುಂಗಿಬಿಡುತ್ತದೆ.

ಬದಲಿ ಬರೆಯುವಾಗ, ಆವರಣದೊಳಗೆ ಹಿಡಿದದ್ದನ್ನು ‘$1’ ವಾಪಸ್ ಕೊಡುತ್ತದೆ. ಅದರ ಬೆನ್ನಿಗೇ 2 ಬಂದರೆ ‘$12’ ಆಗಿ, ಹನ್ನೆರಡನೇ ಆವರಣವೇನೋ ಅನ್ನಿಸುತ್ತದೆ. ಹಾಗಾಗಿ ನಾನು ಅಲ್ಲಿ ಬದಲಿಯನ್ನು ಕಟ್ಟಿಕೊಡುವ ಫಂಕ್ಷನ್ ಕೊಡುತ್ತೇನೆ.

ಹೊಸ ಮೌಲ್ಯದಲ್ಲೇ ಬದು ಇದ್ದರೆ? ‘ಬೆಲ್ಲ & ಸಕ್ಕರೆ’ ಅಂತ ಹಾಗೇ ತುರುಕಿದರೆ ಒಂದು ಗದ್ದೆ ಎರಡಾಗುತ್ತದೆ. ಅದಕ್ಕೆ ಎನ್‌ಕೋಡ್ ಮಾಡಬೇಕು, ಅಂದರೆ ಇಂಥ ಗುರುತನ್ನು ಸಂಕೇತವಾಗಿ ಬದಲಿಸಬೇಕು. ಆಗ ‘&’ ಹೋಗಿ ‘%26’ ಆಗುತ್ತದೆ. ಕನ್ನಡಕ್ಕೆ ಇದರಲ್ಲಿ ಜಾಸ್ತಿ ಜಾಗ ಬೇಕು. ‘ಮಂಡ್ಯ’ದಲ್ಲಿ ಐದು ಯೂನಿಕೋಡ್ ಚಿಹ್ನೆಗಳಿವೆ, ಒಂದೊಂದಕ್ಕೂ ಮೂರು ಬೈಟ್, ‘%26’ರ ಹಾಗೆ ಬೈಟಿಗೆ ಮೂರು ಅಕ್ಷರ. ಒಟ್ಟು 45!

ಈಗ ಬ್ರೌಸರಿನಲ್ಲೇ ಇರುವ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಎಂಬ ಸಲಕರಣೆ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಹೊಸ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಲಿಂಕಿನಲ್ಲಿ ‘ಪುಟ’ ಇಲ್ಲದಿದ್ದರೆ ಅದು ಹೊಸದಾಗಿ ಸೇರಿಸುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಆದರೆ ಏನನ್ನೂ ಬದಲಿಸದೆ, ತಪ್ಪಾಯಿತು ಅಂತಲೂ ಹೇಳದೆ, ಹಳೇ ಲಿಂಕನ್ನೇ ಕೈಗಿಡುತ್ತದೆ.