ಹದಿನೆಂಟು ತುಂಬಿದ ವಾರ ಒಟಿಪಿ ಯಾರ ಫೋನಿಗೆ ಬರುತ್ತದೆ?

ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಬೆಳೆದು ಹದಿನೆಂಟಕ್ಕೆ ಹೊರಬಂದು, ವಸಂತನರಸಾಪುರದ ಕಾರ್ಖಾನೆಗೋ ತುಮಕೂರಿನ ಕಾಲೇಜಿಗೋ ಸೇರಿದ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಅವರ ಮಾತು ಬೇಗನೆ ಫೋನ್ ನಂಬರಿಗೆ ಬಂದು ನಿಲ್ಲುತ್ತದೆ. ಆಧಾರ್‌ಗೂ ಬ್ಯಾಂಕ್ ಪಾಸ್‌ಬುಕ್‌ಗೂ ಜೋಡಿಸಿರುವುದು ಸಂಸ್ಥೆಯಲ್ಲಿ ಹಿಂದೆಂದೋ ಇದ್ದ ಸೂಪರಿಂಟೆಂಡೆಂಟರ ನಂಬರು. ಅವರಿಗೆ ವರ್ಗವಾಗಿರುತ್ತದೆ. ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ಅವರಿಗೆ ಹೋಗುತ್ತದೆ. ಇವರು ಸೈಬರ್ ಸೆಂಟರಿನಲ್ಲಿ ಕಾಯುತ್ತಾ ಕೂರುತ್ತಾರೆ.

ಇದನ್ನು ಸರಿಪಡಿಸುವುದಕ್ಕೊಂದು ಕ್ರಮವಿದೆ. ಹದಿನೆಂಟರೊಳಗೆ ಸ್ವಂತ ಹೆಸರಿನಲ್ಲಿ ಸಿಮ್ ಸಿಗುವುದಿಲ್ಲ. ಹಾಗಾಗಿ ಹುಟ್ಟುಹಬ್ಬದ ವಾರದಲ್ಲೇ ಮೊದಲು ಸಿಮ್, ಅದೇ ನಂಬರು ಆಧಾರ್‌ಗೆ, ಆಮೇಲೆ ಬ್ಯಾಂಕು. ಅಪ್ರಾಪ್ತರ ಖಾತೆಗೆ ಹದಿನೆಂಟು ತುಂಬಿದ ಮೇಲೆ ಹೊಸದಾಗಿ ಕೆವೈಸಿ, ಹೊಸ ಸಹಿ ಬೇಕು. ಅದು ಆಗುವವರೆಗೆ ದುಡ್ಡು ತೆಗೆಯಲು ಬಿಡುವುದಿಲ್ಲ. ಹದಿನೈದಕ್ಕೆ ಆಗಬೇಕಿದ್ದ ಆಧಾರ್ ಬೆರಳಚ್ಚಿನ ಅಪ್‌ಡೇಟ್ ಬಿಟ್ಟುಹೋಗಿದ್ದರಂತೂ ಸಿಮ್ ಅಂಗಡಿಯಲ್ಲೇ ಬೆರಳು ಹೊಂದದೆ ವಾಪಸ್ ಬರಬೇಕು. ಅದನ್ನು ಹತ್ತನೇ ತರಗತಿಯಲ್ಲಿದ್ದಾಗಲೇ ಮುಗಿಸಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಇನಿಷಿಯಲ್, ಹುಟ್ಟಿದ ದಿನ ಆಧಾರ್‌ಗೆ ಹೊಂದುತ್ತದೆಯೇ ಎಂಬುದನ್ನೂ ಅಷ್ಟರಲ್ಲೇ ನೋಡಿಬಿಡಿ. ನಾಡಕಚೇರಿಯ ಜಾತಿ ಪ್ರಮಾಣಪತ್ರಕ್ಕೆ ತಂದೆಯ ವಿವರ ಕೇಳುತ್ತಾರೆ. ಅದು ಗೊತ್ತಿಲ್ಲದ ಮಗುವಿನ ಅರ್ಜಿ ಎಷ್ಟು ದಿನ ಕೂರುತ್ತದೋ ಹೇಳಲಾಗದು. ವರ್ಷ ಮುಂಚೆಯೇ ಕೈಹಾಕುವುದು ಮೇಲು.

ಇನ್ನು ಅನುಪಾಲನೆ, ಅಂದರೆ ಸಂಸ್ಥೆಯಿಂದ ಹೊರಬಂದ ಮೇಲೂ ಸಿಗುವ ನೆರವು. ಬಾಲನ್ಯಾಯ ಕಾಯ್ದೆ 2015ರ 46ನೇ ಕಲಂ ಇದಕ್ಕೆ ಆಧಾರ. 2016ರ ಮಾದರಿ ನಿಯಮಗಳ ಪ್ರಕಾರ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಮತ್ತೆರಡು ವರ್ಷ ನೆರವು ಕೊಡಬಹುದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿ. ಹೊರಹೋಗುವ ಎರಡು ತಿಂಗಳ ಮುಂಚೆ ಬಿಡುಗಡೆ ನಂತರದ ಯೋಜನೆಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಬೇಕು. ನನ್ನ ಪ್ರಕಾರ ಎರಡು ತಿಂಗಳು ಏನಕ್ಕೂ ಸಾಲದು, ಹದಿನಾರಕ್ಕೇ ಶುರುವಾಗಬೇಕು. ಯೋಜನೆ ಬರೆಯುವಾಗ ಹೊರಹೋಗಲಿರುವ ಹುಡುಗಿಯೂ ಎದುರಿಗೆ ಕೂತಿರಬೇಕು. ‘ಟೈಲರಿಂಗ್ ತರಬೇತಿ’ ಎಂದು ಬರೆದು ಮುಗಿಸಿದ ಮೇಲೆ ಅವಳಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಬೇಕಿತ್ತೆಂದು ತಿಳಿದು ಏನು ಪ್ರಯೋಜನ?

ಪೋಷಕ ಕುಟುಂಬದಲ್ಲಿ, ಅಂದರೆ ಸಂಸ್ಥೆಯ ಬದಲು ಫಾಸ್ಟರ್ ಕೇರ್‌ನಲ್ಲಿ ಬೇರೊಬ್ಬರ ಮನೆಯಲ್ಲಿ ಬೆಳೆದವರ ಪಾಡು ಬೇರೆ. ಕಾಯ್ದೆಯ ಅನುಪಾಲನೆಯ ಮಾತು ‘ಸಂಸ್ಥೆಯಿಂದ ಹೊರಹೋಗುವ ಮಗು’ ಎಂದಿದೆ. ಮಗುವಿನ ಪಾಲನೆಗೆಂದು ಮನೆಯವರಿಗೆ ಬರುತ್ತಿದ್ದ ಹಣ ಹದಿನೆಂಟಕ್ಕೆ ನಿಲ್ಲುತ್ತದೆ. ಮನೆಯವರು ಹೊರಗೆ ಹಾಕುತ್ತಾರೆಂದಲ್ಲ. ಆದರೆ ದ್ವಿತೀಯ ಪಿಯುಸಿ ಪರೀಕ್ಷೆಯ ಹೊಸ್ತಿಲಲ್ಲಿ ‘ನಾನಿಲ್ಲಿ ಭಾರವೇ’ ಎಂಬ ಪ್ರಶ್ನೆ ಹುಡುಗನ ತಲೆ ಹೊಕ್ಕರೆ ಓದು ಅಲ್ಲಿಗೆ ಮುಗಿದಂತೆ. ಇವರ ಹೆಸರನ್ನು ಸಮಿತಿಯ ಮುಂದೆ ಪ್ರತ್ಯೇಕವಾಗಿ ಎತ್ತಬೇಕು, ಬಾಯಲ್ಲಿ ಹೇಳಿ ಬಿಡದೆ ಅರ್ಜಿಯಲ್ಲಿ.

ಲೆಕ್ಕವನ್ನೂ ಒಮ್ಮೆ ಹಾಕಿ. ಉದಾಹರಣೆಗೆ ಕೋಣೆ ಬಾಡಿಗೆ 3000, ಅಡ್ವಾನ್ಸ್ ಐದು ತಿಂಗಳದ್ದು ಎಂದುಕೊಂಡರೆ ಒಳಗೆ ಕಾಲಿಡಲು 15,000 ಬೇಕು, ಮೊದಲ ತಿಂಗಳ ಬಾಡಿಗೆ ಬೇರೆ. ಹತ್ತನೇ ತಾರೀಖು ಕೆಲಸಕ್ಕೆ ಸೇರಿದವನಿಗೆ ಮೊದಲ ಸಂಬಳ ಮುಂದಿನ ತಿಂಗಳು, ಅದೂ ದಿನಗಳ ಲೆಕ್ಕದಲ್ಲಿ ಕಡಿತವಾಗಿ. ಅಷ್ಟು ದಿನ ಊಟಕ್ಕೇನು? ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ಸು ಉಚಿತ. ಹುಡುಗರು ಪಾಸಿನ ದುಡ್ಡನ್ನೂ ಸೇರಿಸಬೇಕು. ತಿಂಗಳ 4000 ಈ ಮೊದಲ ಹೊಡೆತವನ್ನು ತಡೆಯುವುದಿಲ್ಲ. ಆರಂಭದಲ್ಲೇ ಒಂದು ಗಂಟು ಕೈಗೆ ಸಿಗುವಂತಿರಬೇಕು, ಇಲ್ಲವೇ ನಿಯಮದಲ್ಲೇ ಇರುವಂತೆ ಆರೆಂಟು ಮಂದಿ ಸೇರಿ ಇರುವ ತಾತ್ಕಾಲಿಕ ಮನೆ.

ಹಾಸ್ಟೆಲ್ ಸೇರಿದವರಿಗೆ ಊಟದ ಚಿಂತೆ ಇಲ್ಲ ಅನ್ನುತ್ತೇವೆ. ದಸರಾ ರಜೆಗೆ ಮೆಸ್ ಮುಚ್ಚಿದಾಗ ಉಳಿದವರು ಬ್ಯಾಗು ಹಿಡಿದು ಊರಿನ ಬಸ್ ಹತ್ತುತ್ತಾರೆ, ಇವರು ಯಾವ ಬಸ್ ಹತ್ತಬೇಕು? ಯೋಜನೆಯ ಹಾಳೆಯಲ್ಲಿ ‘ವಾಸ’ ಎಂಬಲ್ಲಿ ಹಾಸ್ಟೆಲ್ಲಿನ ಹೆಸರು ಬರೆದು ಬಿಡಬೇಡಿ. ಅದರ ಕೆಳಗೆ ರಜೆಯ ದಿನಗಳಲ್ಲಿ ಯಾರ ಮನೆ, ಅವರ ಫೋನ್ ನಂಬರೇನು, ಒಪ್ಪಿದ್ದಾರೆಯೇ ಎಂಬುದನ್ನೂ ಬರೆದಿಡಿ.