ಕುಕ್ಕರ್ ಕಂಡುಹಿಡಿದವನಿಗೆ ಮುಚ್ಚಿದ ಊರಬಾಗಿಲು

1682ರ ಏಪ್ರಿಲ್‌ನಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕೆಲವು ಸದಸ್ಯರು ಒಟ್ಟಿಗೆ ಊಟಕ್ಕೆ ಕೂತರು. ಅಂದಿನ ಮೀನು, ಮಾಂಸ ಎಲ್ಲವೂ ಬೆಂದದ್ದು ಹೊಸ ನಮೂನೆಯ ಪಾತ್ರೆಯಲ್ಲಿ. ದನದ, ಕುರಿಯ ಗಟ್ಟಿ ಮೂಳೆಗಳೂ ಚೀಸ್‌ನಷ್ಟು ಮೆತ್ತಗಾಗಿದ್ದವು ಎಂದು ಅವರಲ್ಲೊಬ್ಬನಾದ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟ. ಆ ಪಾತ್ರೆಯನ್ನು 1679ರಲ್ಲಿ ಮಾಡಿ ತೋರಿಸಿದವನು ಡೆನಿಸ್ ಪಾಪಿನ್, ವೈದ್ಯ ಓದಿದ ಫ್ರೆಂಚ್ ವಿಜ್ಞಾನಿ. ನಮ್ಮ ಅಡುಗೆಮನೆಯ ಕುಕ್ಕರಿನ ಮುತ್ತಜ್ಜ ಅದೇ.

ಕೆಲಸ ಮಾಡುವ ರೀತಿಯೂ ಅದೇ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಜಾಸ್ತಿ ಆಗುವುದಿಲ್ಲ. ಶಾಖವೆಲ್ಲ ಆವಿಯ ಜೊತೆ ಹೊರಟುಹೋಗುತ್ತದೆ. ಮುಚ್ಚಳ ಬಿಗಿದರೆ ಆವಿ ಒಳಗೇ ಸೇರಿಕೊಂಡು ನೀರಿನ ಮೇಲೆ ಒತ್ತುತ್ತದೆ. ಆಗ ನೀರು ಕುದಿಯಲು ಇನ್ನೂ ಬಿಸಿ ಬೇಕು. ಇಂದಿನ ಕುಕ್ಕರಿನಲ್ಲಿ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ. ಆದರೆ ಒತ್ತಡ ಮಿತಿ ಮೀರಿದರೆ ಪಾತ್ರೆ ಸಿಡಿಯುತ್ತದೆ ಅಲ್ವಾ? ಅದಕ್ಕೆ ಪಾಪಿನ್ ಪಾತ್ರೆಗೊಂದು ತೂತು ಮಾಡಿ, ಅದನ್ನು ಮುಚ್ಚಿ, ಮೇಲೆ ತೂಕ ತೂಗುಹಾಕಿದ ಸನ್ನೆಕೋಲು ಇಟ್ಟ. ಒತ್ತಡ ಏರಿದಾಗ ತೂಕ ಮೇಲೆದ್ದು ಆವಿ ಹೊರಗೆ ಬರುತ್ತದೆ. ಕುಕ್ಕರ್ ಕೂಗುವಾಗ ಆಗುವುದೂ ಇದೇ.

ಪಾಪಿನ್ ಹುಟ್ಟಿದ್ದು 1647ರಲ್ಲಿ, ಫ್ರಾನ್ಸಿನ ಬ್ಲೋಯಿ ಊರಿನ ಹತ್ತಿರ. ಮನೆಯವರು ಪ್ರಾಟೆಸ್ಟಂಟರು. ಕ್ಯಾಥೊಲಿಕರೇ ಹೆಚ್ಚಿದ್ದ ಫ್ರಾನ್ಸಿನಲ್ಲಿ ಇವರನ್ನು ಹ್ಯೂಗೆನಾಟರು ಎನ್ನುತ್ತಿದ್ದರು. 1562ರಿಂದ 1598ರವರೆಗೆ ಎರಡು ಮತದವರೂ ಒಬ್ಬರನ್ನೊಬ್ಬರು ಕೊಂದದ್ದಕ್ಕೆ ಲೆಕ್ಕವಿಲ್ಲ. 1572ರ ಆಗಸ್ಟ್‌ನಲ್ಲಿ ರಾಜಮನೆತನದ ಮದುವೆಗೆಂದು ಪ್ಯಾರಿಸ್ಸಿಗೆ ಬಂದಿದ್ದ ಹ್ಯೂಗೆನಾಟರನ್ನು ಹುಡುಕಿ ಹುಡುಕಿ ಕೊಂದರು. ಆ ಮದುವೆಯ ಗಂಡು ಹೆನ್ರಿಯೂ ಹ್ಯೂಗೆನಾಟನೇ, ಹೇಗೋ ಬದುಕಿಕೊಂಡ. ಮುಂದೆ ಅವನೇ ರಾಜನಾದ. ಪಟ್ಟ ಉಳಿಸಿಕೊಳ್ಳಲು ತಾನು ಕ್ಯಾಥೊಲಿಕ್ ಆದ, ಆದರೆ ಹಳೆಯ ಸಂಗಾತಿಗಳನ್ನು ಮರೆಯಲಿಲ್ಲ. 1598ರಲ್ಲಿ ನಾಂಟ್ ಊರಿನಲ್ಲಿ ಒಂದು ಶಾಸನ ಹೊರಡಿಸಿದ. ಹ್ಯೂಗೆನಾಟರು ಗೊತ್ತುಮಾಡಿದ ಜಾಗಗಳಲ್ಲಿ ಪ್ರಾರ್ಥನೆ ಮಾಡಬಹುದು, ಸರ್ಕಾರಿ ಹುದ್ದೆಗೆ ಸೇರಬಹುದು ಎಂದಿತ್ತು ಅದರಲ್ಲಿ. ಆ ಕಾಲಕ್ಕೆ ಅದು ಬಹಳ ದೊಡ್ಡ ಮಾತು.

ಈ ಹೆನ್ರಿಯ ಮೊಮ್ಮಗನೇ 14ನೇ ಲೂಯಿ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಪಟ್ಟಕ್ಕೆ ಬಂದವನು, 1643ರಿಂದ 1715ರವರೆಗೆ ಸಿಂಹಾಸನ ಬಿಡಲಿಲ್ಲ. ಅವನ ಬಾಲ್ಯದಲ್ಲಿ ಸರದಾರರು ದಂಗೆ ಎದ್ದಿದ್ದರು. 1651ರ ಒಂದು ರಾತ್ರಿ ಪ್ಯಾರಿಸ್ಸಿನ ಜನ ಅರಮನೆಗೆ ನುಗ್ಗಿ, ರಾಜ ಓಡಿಹೋಗಿಲ್ಲ ತಾನೇ ಎಂದು ಅವನ ಮಲಗುವ ಕೋಣೆಯಲ್ಲೇ ಬಂದು ನೋಡಿದರು. 12 ವರ್ಷದ ಹುಡುಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಮಲಗಿದ್ದ. ಆ ಭಯ ಅವನನ್ನು ಬಿಡಲಿಲ್ಲ ಅನ್ನಿಸುತ್ತದೆ. ದೊಡ್ಡವನಾದ ಮೇಲೆ ಪ್ಯಾರಿಸ್ ಬಿಟ್ಟು ವರ್ಸೇಲ್ಸ್‌ನಲ್ಲಿ ಅರಮನೆ ಕಟ್ಟಿಸಿ, ಸರದಾರರನ್ನೆಲ್ಲ ಕಣ್ಣೆದುರೇ ಇಟ್ಟುಕೊಂಡ. ಒಬ್ಬ ರಾಜ, ಒಂದು ಕಾನೂನು, ಒಂದೇ ಮತ. ಫ್ರಾನ್ಸಿನ ಈ ಹಳೆಯ ಮಾತನ್ನು ಅಕ್ಷರಶಃ ನಿಜ ಮಾಡಲು ಹೊರಟ.

ನನಗೆ ತುಂಬ ನೋವು ಕೊಡುವ ಸಂಗತಿ ಇದು: ಬಾಲ್ಯದ ಆ ದಂಗೆಯಲ್ಲಿ ಹ್ಯೂಗೆನಾಟರು ರಾಜನ ಪರ ನಿಂತಿದ್ದರು. ಅವರ ನಿಷ್ಠೆಯನ್ನು 1652ರಲ್ಲಿ ಅವನ ಹೆಸರಿನಲ್ಲೇ ಮೆಚ್ಚಿ ಬರೆದದ್ದೂ ಇದೆ. ಅಂಥವರ ಮನೆಗಳಿಗೆ 1681ರಿಂದ ಸೈನಿಕರನ್ನು ಬಿಟ್ಟರು. ಕುದುರೆ ಏರಿ ಬರುವ ಈ ದಂಡಿನವರಿಗೆ ಡ್ರಾಗೂನ್ ಎಂದು ಹೆಸರು. ಮನೆಯವರೇ ಅವರಿಗೆ ಉಣ್ಣಲು, ಮಲಗಲು ಕೊಡಬೇಕು. ಅವರು ಪಾತ್ರೆಪಗಡ ಒಡೆಯುತ್ತಿದ್ದರು, ಹೊಡೆಯುತ್ತಿದ್ದರು, ರಾತ್ರಿಯಿಡೀ ತಮಟೆ ಬಡಿದು ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಮತ ಬದಲಿಸುತ್ತೇವೆ ಎಂದರೆ ಮಾತ್ರ ಮುಂದಿನ ಮನೆಗೆ. ಊರಿಗೆ ಊರೇ ಹೆದರಿ ಕ್ಯಾಥೊಲಿಕ್ ಆಯಿತು. ಮತ ಬದಲಿಸಿದವರ ಪಟ್ಟಿಗಳು ವರ್ಸೇಲ್ಸ್ ತಲುಪಿದವು.

ಇನ್ನು ಹ್ಯೂಗೆನಾಟರು ಉಳಿದೇ ಇಲ್ಲವೆಂದರೆ ಅಜ್ಜನ ಶಾಸನ ಯಾಕೆ? 1685ರ ಅಕ್ಟೋಬರ್‌ನಲ್ಲಿ ಲೂಯಿ ಅದನ್ನು ರದ್ದು ಮಾಡಿದ. ಪ್ರಾಟೆಸ್ಟಂಟ್ ಚರ್ಚುಗಳನ್ನು ಕೆಡವಬೇಕು. ಪಾದ್ರಿಗಳು 15 ದಿನದೊಳಗೆ ದೇಶ ಬಿಡಬೇಕು. ಉಳಿದವರು ಮಾತ್ರ ಬಿಡುವಂತಿಲ್ಲ. ಸಿಕ್ಕಿಬಿದ್ದರೆ ಗಂಡಸರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆಮನೆ. ಆದರೂ ಒಂದೂವರೆಯಿಂದ ಎರಡು ಲಕ್ಷ ಜನ ರಾತ್ರೋರಾತ್ರಿ ಗಡಿ ದಾಟಿದರು. ಇಂಗ್ಲಿಷಿನ ರೆಫ್ಯೂಜಿ ಎಂಬ ಪದ ಬಳಕೆಗೆ ಬಂದದ್ದೇ ಇವರಿಂದ. ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬರ್ಗ್ ರಾಜ್ಯದ ದೊರೆ ಕೆಲವೇ ವಾರಗಳಲ್ಲಿ ಇವರನ್ನು ಕರೆದು ಜಾಗ ಕೊಟ್ಟ. ಲೂಯಿಯ ಕೋಟೆಗಳನ್ನು ಕಟ್ಟಿದ ವೊಬಾನ್ ಸ್ವತಃ ಕ್ಯಾಥೊಲಿಕ್. ದೇಶದ ಕಸುಬುದಾರರು, ನಾವಿಕರು, ಸೈನಿಕರು ಶತ್ರುಗಳ ಪಾಲಾಗುತ್ತಿದ್ದಾರೆ, ಅವರನ್ನು ವಾಪಸ್ ಕರೆಸಿ ಎಂದು 1689ರಲ್ಲಿ ಮಂತ್ರಿಗೆ ಬರೆದ. ಯಾರೂ ಕೇಳಲಿಲ್ಲ.

ವಿಜ್ಞಾನದ ನಷ್ಟ ಎಷ್ಟೆಂದು ತಕ್ಕಡಿಯಲ್ಲಿ ತೂಗಲು ಆಗದು. ಹೆಸರುಗಳನ್ನು ನೋಡಬಹುದು. ಅಬ್ರಹಾಂ ದ ಮ್ವಾವ್ರ ಇಪ್ಪತ್ತರ ಆಸುಪಾಸಿನಲ್ಲೇ ಫ್ರಾನ್ಸ್ ಬಿಡಬೇಕಾಯಿತು. ಲಂಡನ್ನಿನಲ್ಲಿ ಮನೆಪಾಠ ಹೇಳುತ್ತ, ಕಾಫಿ ಅಂಗಡಿಗಳಲ್ಲಿ ಗಣಿತ ಬಿಡಿಸುತ್ತ ಬದುಕಿದ. ಪರೀಕ್ಷೆಯ ಅಂಕ, ಜನರ ಎತ್ತರ ಇಂಥವನ್ನು ಅಳೆಯಲು ಇಂದು ಬಳಸುವ ಗಂಟೆಯಾಕಾರದ ರೇಖೆಯ ಗಣಿತ ಮೊದಲು ಹೊಳೆದದ್ದು ಅವನಿಗೆ, 1733ರಲ್ಲಿ. ಜಾನ್ ಡಾಲಂಡ್ ಲಂಡನ್ನಿಗೆ ಬಂದ ಹ್ಯೂಗೆನಾಟ್ ರೇಷ್ಮೆ ನೇಕಾರರ ಮಗ. ತಾನೂ ಮಗ್ಗದ ಮುಂದೆ ಕೂತವನು. 1758ರಲ್ಲಿ ಎರಡು ಬಗೆಯ ಗಾಜು ಸೇರಿಸಿ, ಅಂಚಿನಲ್ಲಿ ಬಣ್ಣ ಚೆಲ್ಲದ ದೂರದರ್ಶಕ ಮಸೂರಕ್ಕೆ ಪೇಟೆಂಟ್ ಪಡೆದ.

ಇತ್ತ ಪಾಪಿನ್ 1685ಕ್ಕೆ ಮೊದಲೇ ಕೆಲಸಕ್ಕೆಂದು ಹೊರಗೆ ಹೋಗಿದ್ದ. ಶಾಸನ ಹೋದ ಮೇಲೆ ತನ್ನ ಮತ ಉಳಿಸಿಕೊಂಡು ಊರಿಗೆ ಮರಳುವ ದಾರಿಯೇ ಇರಲಿಲ್ಲ. ಜರ್ಮನಿಯ ಮಾರ್‌ಬರ್ಗ್‌ನಲ್ಲಿ ಪ್ರೊಫೆಸರ್ ಆದ. ಅಲ್ಲಿದ್ದಾಗಲೇ 1690ರಲ್ಲಿ ಅವನ ಎಲ್ಲಕ್ಕಿಂತ ದೊಡ್ಡ ಯೋಚನೆ ಅಚ್ಚಾಯಿತು. ಕೊಳವೆಯೊಳಗೆ ಮೇಲೆ ಕೆಳಗೆ ಸರಿದಾಡುವ ಬಿರಡೆ, ಅಂದರೆ ಒಂದು ಪಿಸ್ಟನ್. ಅದರಡಿ ಸ್ವಲ್ಪ ನೀರು. ನೀರು ಕಾಯಿಸಿದರೆ ಆವಿ ಪಿಸ್ಟನ್ನನ್ನು ಮೇಲೆತ್ತುತ್ತದೆ. ತಣಿಸಿದರೆ ಆವಿ ಮತ್ತೆ ಹನಿ ನೀರಾಗಿ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಆಗ ಹೊರಗಿನ ಗಾಳಿಯ ಒತ್ತಡವೇ ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ದಬ್ಬುವಾಗ ಭಾರ ಎತ್ತಿಸಿಕೊಳ್ಳಬಹುದು.

1707ರಲ್ಲಿ ಅವನು ಮತ್ತೆ ಲಂಡನ್ನಿಗೆ ಬಂದ. ಕೈಯಲ್ಲಿ ಕಾಸಿಲ್ಲ. ಪ್ರಯೋಗಕ್ಕೆ ಹಣ ಬೇಕೆಂದು ರಾಯಲ್ ಸೊಸೈಟಿಯನ್ನು ಕೇಳಿಕೊಂಡ, ಸಿಗಲಿಲ್ಲ. ಅವನದೆಂದು ಸಿಕ್ಕಿರುವ ಕೊನೆಯ ಪತ್ರ 1712ರದು. ಅದೇ ವರ್ಷ ಇಂಗ್ಲೆಂಡಿನ ಡಡ್ಲಿ ಊರಿನ ಹತ್ತಿರ, ಥಾಮಸ್ ನ್ಯೂಕಾಮನ್ ಕಟ್ಟಿದ ಯಂತ್ರವೊಂದು ಕಲ್ಲಿದ್ದಲ ಗಣಿಯಿಂದ ನೀರೆತ್ತಲು ಶುರುಮಾಡಿತು. ಕೊಳವೆ, ಪಿಸ್ಟನ್, ಕಾದ ಆವಿ, ತಣಿದ ಆವಿ, ಗಾಳಿಯ ಒತ್ತಡ.